ಹೊಸ ಹತ್ತು ಚಕ್ರದ ಲಾರಿಗೆ ಹೆಚ್ಚುವರಿ ವಾರಂಟಿ ಮಾಡಿಸಬೇಕೇ?

ಪ್ರಶ್ನೆ: ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಬೇರೆಯವರ ಲಾರಿ ಓಡಿಸಿದ ಮೇಲೆ ಈಗ ಸ್ವಂತಕ್ಕೆ ಒಂದು ಬಿಎಸ್‌6 (ಹೊಗೆ ಮಾಲಿನ್ಯದ ಹೊಸ ನಿಯಮದ) ಹತ್ತು ಚಕ್ರದ ಲಾರಿ ಕೊಳ್ಳುತ್ತಿದ್ದೇನೆ. ದಾವಣಗೆರೆ, ಹಾವೇರಿ ಭಾಗದ ಮೆಕ್ಕೆಜೋಳವನ್ನು ನಾಮಕ್ಕಲ್‌ನ ಕೋಳಿ ಆಹಾರದ ಕಾರ್ಖಾನೆಗಳಿಗೆ ಹಾಕಿ, ಸಿಕ್ಕಿದ ಲೋಡು ಹಿಡಿದು ಬರುವುದು ನನ್ನ ಕೆಲಸವಾದ್ದರಿಂದ ತಿಂಗಳಿಗೆ ಸುಮಾರು 9,000 ಕಿಲೋಮೀಟರ್ ಓಡುತ್ತದೆ. ಕಂಪನಿ ಕೊಡುವ ವಾರಂಟಿ 3 ವರ್ಷ ಅಥವಾ 3 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಇದನ್ನು 5 ವರ್ಷ ಅಥವಾ 5 ಲಕ್ಷ ಕಿಲೋಮೀಟರಿಗೆ ವಿಸ್ತರಿಸಲು ತೆರಿಗೆ ಸೇರಿ 72,000 ರೂಪಾಯಿ ಆಗುತ್ತದೆ, ಬೇಕಾದರೆ ಸಾಲಕ್ಕೇ ಸೇರಿಸೋಣ ಎಂದು ಶೋರೂಂನವರು ಹೇಳುತ್ತಿದ್ದಾರೆ. ಹಳೆಯ ಲಾರಿಯಾಗಿದ್ದರೆ ಮೇಸ್ತ್ರಿಯ ಜೊತೆ ಕುಳಿತು ಅರ್ಧ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೆ. ಇದರಲ್ಲಿ ಮೀಟರ್ ಬೋರ್ಡಿನ ದೀಪ ಹೊತ್ತಿಕೊಂಡರೆ ಲ್ಯಾಪ್‌ಟಾಪ್ ಹಿಡಿದು ಬರುವವರೇ ಬೇಕು. ಈ ಹಣ ಕೊಡುವುದು ಸರಿಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಾಸನದಿಂದ

ನಾನು ಮಂಗಳೂರು ಬಂದರಿನಿಂದ ಗೊಬ್ಬರ ತರುವವನು. ನನ್ನದೂ ಒಂದೇ ಲಾರಿ. ಬೆಲೆಗಿಂತ ಮೊದಲು ನೀವು ನೋಡಬೇಕಾದದ್ದು ಯಾವ ಬಿಡಿಭಾಗಗಳಿಗೆ ಈ ವಾರಂಟಿ ಸಿಗುತ್ತದೆ ಎಂಬ ಪಟ್ಟಿಯನ್ನು. ಎಂಜಿನ್, ಗೇರ್‌ಬಾಕ್ಸ್, ಹೌಸಿಂಗ್ (ಹಿಂದಿನ ಆ್ಯಕ್ಸಲ್) ಇಷ್ಟಕ್ಕೇ ನಿಲ್ಲುವ ವಾರಂಟಿಯೂ ಇದೆ, ಇಡೀ ಗಾಡಿಗೆ ಅನ್ವಯಿಸುವುದೂ ಇದೆ. ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್, ಫಿಲ್ಟರ್, ರಬ್ಬರ್ ಸಾಮಾನುಗಳಂತಹ ಸವೆಯುವ ಭಾಗಗಳು ಸಾಮಾನ್ಯವಾಗಿ ಎರಡರಲ್ಲೂ ಬರುವುದಿಲ್ಲ. ಬಿಎಸ್‌6 ಗಾಡಿಯಲ್ಲಿ ಜೇಬು ಖಾಲಿ ಮಾಡುವುದು ಹೊಗೆ ಶುದ್ಧ ಮಾಡುವ ವ್ಯವಸ್ಥೆ: ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್, ಯೂರಿಯಾ ಪಂಪು, ಸೈಲೆನ್ಸರಿನೊಳಗೆ ಯೂರಿಯಾ ಚಿಮ್ಮಿಸುವ ನಳಿಕೆ, ಮಸಿ ಹಿಡಿಯುವ ಫಿಲ್ಟರ್. ಇವುಗಳ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಆ 72,000 ಕೊಡಬೇಡಿ.

ಪಟ್ಟಿಯಲ್ಲಿದ್ದರೂ ಸಾಲದು ಎಂಬುದನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. ಕಳೆದ ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತುವಾಗ ದೀಪ ಹೊತ್ತಿಕೊಂಡು ಎಳೆತವೇ ಕಡಿಮೆಯಾಯಿತು. ಎಂಜಿನ್ ಸದ್ದು ಮಾಡುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಸರ್ವಿಸ್ ಸೆಂಟರಿನಲ್ಲಿ ನಳಿಕೆ ಬಿಚ್ಚಿದಾಗ ಅದರ ಬಾಯಿಗೆ ಕಲ್ಲುಪ್ಪಿನಂತೆ ಬೆಳ್ಳಗೆ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಯೂರಿಯಾ ದ್ರಾವಣ 32.5 ಶೇಕಡಾ ಇರಬೇಕು, ಉಳಿದದ್ದು ಖನಿಜ ತೆಗೆದ ಶುದ್ಧ ನೀರಾಗಿರಬೇಕು. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಕ್ಯಾನಿನದನ್ನು ನಾನು ಎರಡು ಬಾರಿ ತುಂಬಿಸಿದ್ದೆ. ಒಳ್ಳೆಯದನ್ನು ಕೊಂಡ ಬಿಲ್ಲೂ ನನ್ನಲ್ಲಿರಲಿಲ್ಲವಾದ್ದರಿಂದ ವಾರಂಟಿ ಇದ್ದರೂ ಕ್ಲೇಮು ಕೊಡಲಿಲ್ಲ, ಪೂರ್ತಿ ಹಣ ಕೈಯಿಂದ ಕಟ್ಟಿದೆ. ಆದ್ದರಿಂದ ಯೂರಿಯಾ ಬಿಲ್ಲು, ಆಯಿಲ್ ಸರ್ವಿಸಿನ ಬಿಲ್ಲು ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುತ್ತೇನೆ ಎಂಬ ಶಿಸ್ತು ನಿಮಗಿದ್ದರೆ ಮಾತ್ರ ವಾರಂಟಿ ಮಾಡಿಸಿ.

ಉತ್ತರ: ಚಿತ್ರದುರ್ಗದಿಂದ

ನಮ್ಮ ಮನೆಯ ಆರು ಲಾರಿಗಳ ಲೆಕ್ಕ ಬರೆಯುವವಳು ನಾನು. ನಿಮ್ಮ ಓಟಕ್ಕೆ 3 ಲಕ್ಷ ಕಿಲೋಮೀಟರ್ 33 ತಿಂಗಳಿಗೇ ಮುಗಿಯುತ್ತದೆ, 5 ಲಕ್ಷ ಮುಗಿಯುವುದು 55 ತಿಂಗಳಿಗೆ. ಅಂದರೆ ಎರಡು ವರ್ಷ ಎಂದು ಹೇಳಿ ನಿಮಗೆ ಮಾರುತ್ತಿರುವುದು ವಾಸ್ತವವಾಗಿ 22 ತಿಂಗಳು. ಕಿಲೋಮೀಟರಿಗೆ 36 ಪೈಸೆ ಬೀಳುತ್ತದೆ. ಇದು ದುಬಾರಿಯೇನಲ್ಲ. ಆದರೆ ಸಾಲಕ್ಕೆ ಮಾತ್ರ ಸೇರಿಸಬೇಡಿ. 10 ಶೇಕಡಾ ಬಡ್ಡಿಯಲ್ಲಿ 48 ಕಂತು ಎಂದರೂ ಈ 72,000ಕ್ಕೆ ಸುಮಾರು 15,600 ರೂಪಾಯಿ ಬಡ್ಡಿ ಕಟ್ಟುತ್ತೀರಿ, ಅದೂ ಈ ವಾರಂಟಿ ಶುರುವಾಗುವುದಕ್ಕೆ ಎಷ್ಟೋ ಮೊದಲಿನಿಂದ.

ನಾವು ಆರು ಗಾಡಿಗೂ ಮಾಡಿಸಿಲ್ಲ. ಒಂದು ಕೆಟ್ಟು ನಿಂತರೆ ಉಳಿದ ಐದರ ಬಾಡಿಗೆಯಲ್ಲಿ ಅದರ ರಿಪೇರಿ ನಡೆಯುತ್ತದೆ. ಒಂದೇ ಗಾಡಿ ಇರುವವರಿಗೆ ಆ ಆಸರೆ ಇಲ್ಲ. ಗಾಡಿ ನಿಂತ ದಿನ ಬಾಡಿಗೆಯೂ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡಿಸುತ್ತಿದ್ದೆ. ಬಾಡಿ ಕಟ್ಟಿಸುವಾಗ ಹೆಚ್ಚಿನ ದೀಪಗಳಿಗಾಗಿ ಕಂಪನಿಯ ವೈರಿಂಗ್ ಕತ್ತರಿಸಿ ಜೋಡಿಸಲು ಬಿಡಬೇಡಿ. ವೈರಿಂಗ್ ಕ್ಲೇಮಿಗೆ ಇಲ್ಲವೆನ್ನಲು ಅಷ್ಟೇ ಸಾಕು. ಓವರ್‌ಲೋಡಿನ ಮಾತೂ ಹಾಗೆಯೇ. 2018ರಲ್ಲಿ ನಿಮ್ಮದರಂತಹ ಹತ್ತು ಚಕ್ರದ, ಅಂದರೆ ಮೂರು ಆ್ಯಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿದ್ದಾರೆ. ಅದಕ್ಕೂ ಮೀರಿ ಹೇರಿ ಹಿಂದಿನ ಆ್ಯಕ್ಸಲಿನ ಗೇರಾದ ಕ್ರೌನ್ ಪಿನಿಯನ್ ಮುರಿದರೆ ಯಾವ ವಾರಂಟಿಯೂ ಕೈ ಹಿಡಿಯುವುದಿಲ್ಲ.

ಉತ್ತರ: ಧಾರವಾಡದಿಂದ

ಒಂದು ಕಾನೂನಿನ ವಿಷಯ ಸೇರಿಸುತ್ತೇನೆ. ಲಾರಿ ವ್ಯಾಪಾರದ ವಸ್ತುವಾದ್ದರಿಂದ ಗ್ರಾಹಕರ ಆಯೋಗಕ್ಕೆ ಹೋಗಲಾಗದು ಎಂದು ಅನೇಕರು ತಿಳಿದಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡು ತಾನೇ ಬಳಸುವವನು ಗ್ರಾಹಕನೇ ಆಗುತ್ತಾನೆ. ಕೊಟ್ಟ ಬೆಲೆ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಶೋರೂಂನವರು ಬಾಯಲ್ಲಿ ಹೇಳುವುದು ಅಲ್ಲಿ ನಿಲ್ಲುವುದು ಕಷ್ಟ, ಆದ್ದರಿಂದ ಷರತ್ತುಗಳ ಪ್ರತಿಯನ್ನು ಸಹಿ, ಮೊಹರಿನೊಂದಿಗೆ ಪಡೆದುಕೊಂಡ ಮೇಲೆಯೇ ಹಣ ಕೊಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಶೋರೂಂನಲ್ಲಿ ಕುಳಿತು ಪಟ್ಟಿಯನ್ನು ಪೂರ್ತಿ ಓದಿದೆ. ನಾಕ್ಸ್ ಸೆನ್ಸರ್ ಮತ್ತು ಯೂರಿಯಾ ಪಂಪು ಅದರಲ್ಲಿವೆ, ಮಸಿ ಹಿಡಿಯುವ ಫಿಲ್ಟರ್ ಇಲ್ಲ. ಗಾಡಿ ಕೊಂಡ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಇದೇ ಬೆಲೆಗೆ ವಾರಂಟಿ ಮಾಡಿಸಬಹುದೆಂದು ಬರೆದಿರುವುದನ್ನೂ ಕಂಡೆ. ಈ ಮಾತನ್ನು ಅವರಾಗಿ ನನಗೆ ಹೇಳಿರಲಿಲ್ಲ. ಸಾಲದ ಮೊತ್ತದಿಂದ ಅದನ್ನು ತೆಗೆಸಿದ್ದೇನೆ. ಜೋಳದ ಸುಗ್ಗಿ ಮುಗಿದ ಮೇಲೆ ಕೈಯಲ್ಲಿರುವ ಹಣದಿಂದಲೇ ಕಟ್ಟುತ್ತೇನೆ.