ಪದಚರ್ಚೆ: ಉಪಗ್ರಹ ಚಿತ್ರಗಳ ‘ಮೊಸಾಯಿಕ್’ಗೆ ‘ಕೌದಿ’ ಆದೀತೇ?

ಎಲ್ಲರಿಗೂ ನಮಸ್ಕಾರ.

ರೈತರಿಗಾಗಿ ಹೊರಡಲಿರುವ ಕಿರುಹೊತ್ತಗೆಯೊಂದರ ಕನ್ನಡವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರ್ನಾಟಕದ ಭೂ ಹೊದಿಕೆ ನಕ್ಷೆಯನ್ನು (ನೆಲದ ಮೇಲೆ ಎಲ್ಲಿ ಬೆಳೆ, ಎಲ್ಲಿ ಕಾಡು, ಎಲ್ಲಿ ನೀರು ಎಂದು ತೋರಿಸುವ ನಕ್ಷೆ) ಉಪಗ್ರಹ ಚಿತ್ರಗಳಿಂದ ಹೇಗೆ ತಯಾರಿಸುತ್ತಾರೆ ಎಂಬುದು ಅದರ ವಿಷಯ. ಮೂರನೆಯ ಪುಟದಲ್ಲಿಯೇ ಈ ವಾಕ್ಯ ಎದುರಾಯಿತು: ‘ಟೈಲ್‌ಗಳನ್ನು ಸೇರಿಸಿ ಇಡೀ ರಾಜ್ಯದ ಮೊಸಾಯಿಕ್ ಮಾಡಲಾಗುತ್ತದೆ.’ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ‘ಪಾಲಿಶ್ ಯಾವಾಗ ಹಾಕಿಸುತ್ತಾರಂತೆ?’ ಎಂದು ನಮ್ಮ ಅತ್ತೆ ಅಡುಗೆಮನೆಯಿಂದಲೇ ಕೇಳಿದರು.

ಅವರ ತಪ್ಪೇನೂ ಇಲ್ಲ. ನಮ್ಮಲ್ಲಿ ಮೊಸಾಯಿಕ್ ಎಂದರೆ ಹಳೆಯ ಮನೆಗಳ ನೆಲ. ಹೆಸರು, ಉದ್ದು ಬೆಳೆಯುವವರಿಗಾದರೆ ಅದು ಬಿಳಿನೊಣ ಹರಡುವ ಹಳದಿ ನಂಜುರೋಗ. ‘ಇಡೀ ರಾಜ್ಯದ ಮೊಸಾಯಿಕ್’ ಎಂದು ಓದಿದ ರೈತ ಬೆಳೆವಿಮೆಯ ಕಾಗದ ಹುಡುಕಲು ಹೊರಟರೆ ಆಶ್ಚರ್ಯವಿಲ್ಲ.

ವಿಷಯ ಇಷ್ಟು. ಯಾವ ಭೂವೀಕ್ಷಣಾ ಉಪಗ್ರಹವೂ ಸಾಕಷ್ಟು ವಿವರದೊಂದಿಗೆ ಇಡೀ ಕರ್ನಾಟಕವನ್ನು ಒಂದೇ ಸಲಕ್ಕೆ ನೋಡಲಾರದು. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾ 141 ಕಿ.ಮೀ. ಅಗಲದ ಪಟ್ಟಿಯನ್ನು ಸೆರೆಹಿಡಿಯುತ್ತದೆ, ಯುರೋಪಿನ ಸೆಂಟಿನೆಲ್-2 ಸುಮಾರು 290 ಕಿ.ಮೀ. ಅಗಲದ್ದನ್ನು. ಪಕ್ಕದ ಪಟ್ಟಿ ಬೇರೆ ದಿನದ್ದು. ಲಿಸ್-3 ಅದೇ ಪಟ್ಟಿಗೆ ಮರಳಲು 24 ದಿನ ಬೇಕು. ಆ ದಿನ ಮೋಡವಿದ್ದರೆ ಮತ್ತೆ 24 ದಿನ ಕಾಯಬೇಕು. ಹೀಗೆ ಬೇರೆಬೇರೆ ದಿನಗಳ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ರಾಜ್ಯದ ಒಂದೇ ಚಿತ್ರ ಮಾಡಬೇಕಾಗುತ್ತದೆ.

ಕೂಡಿಸುವುದರಲ್ಲಿ ಎಡವಿದರೆ ಏನಾಗುತ್ತದೆ ಎಂಬುದನ್ನು ಹಳೆಯ ಚಿತ್ರವೊಂದರಲ್ಲಿ ನೋಡಿದ್ದೇನೆ. ಕೂಡಿಸಿದ ಗೆರೆ ಕೆರೆಯೊಂದರ ನಟ್ಟನಡುವೆ ಹಾದಿತ್ತು. ಎಡಗಡೆ ನವೆಂಬರ್, ನೀರು ಕಪ್ಪಗೆ ತುಂಬಿದೆ. ಬಲಗಡೆ ಮಾರ್ಚ್, ಕೆರೆಯಂಗಳ ಬಿಳಿಚಿಕೊಂಡಿದೆ. ಕೆಳಗಿನ ಅಚ್ಚುಕಟ್ಟಿನ ಗದ್ದೆ ಅರ್ಧ ಕಡುಗೆಂಪು, ಅರ್ಧ ಬೂದು (ಈ ಬಗೆಯ ಚಿತ್ರಗಳಲ್ಲಿ ಹಸಿರು ಬೆಳೆಗೆ ಕೆಂಪು ಬಣ್ಣ ಕೊಡುವುದು ವಾಡಿಕೆ). ಕಂಪ್ಯೂಟರಿಗೆ ಇದನ್ನು ಕೊಟ್ಟರೆ ಅರ್ಧ ಕೆರೆಯನ್ನು ಬಂಜರು ಎಂದು ಬರೆದುಕೊಂಡು ಮುಂದೆ ಹೋಗುತ್ತದೆ.

ಈಗ ಪದಗಳಿಗೆ ಬರೋಣ. ‘ಜೋಡುಚಿತ್ರ’ ಎಂದು ಒಬ್ಬರು ಸೂಚಿಸಿದರು. ಜೋಡೆತ್ತು, ಜೋಡುರಸ್ತೆ ಎನ್ನುವ ನಾಲಿಗೆಗೆ ಅದು ಎರಡೇ ಚಿತ್ರ. ‘ಸಂಯೋಜಿತ ಚಿತ್ರ’ ಚೆನ್ನಾಗಿದೆ, ಆದರೆ ಮೇಲೆ ಹೇಳಿದ ಕೆಂಪು ಚಿತ್ರಕ್ಕೆ, ಅಂದರೆ ಬೇರೆಬೇರೆ ಬೆಳಕಿನ ಪಟ್ಟಿಗಳನ್ನು ಬೆರೆಸಿದ್ದಕ್ಕೆ, ಆ ಹೆಸರು ಆಗಲೇ ಸಂದುಹೋಗಿದೆ. ‘ತೇಪೆಚಿತ್ರ’ ಎಂದರೆ ಹರಿದದ್ದನ್ನು ಮುಚ್ಚಿದಂತೆ.

ನನಗೆ ಹೊಳೆದದ್ದು ಕೌದಿ. ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ. ಒಂದೊಂದು ತುಂಡಿಗೂ ಬೇರೆಬೇರೆ ವಯಸ್ಸು, ಬೇರೆ ಬಣ್ಣ. ಒಟ್ಟಿಗೆ ಒಂದೇ ಬಟ್ಟೆ. ಕೂಡುಗೆರೆಗೆ ‘ಹೊಲಿಗೆ’ ಎಂಬ ಪದ ತಾನಾಗಿ ಒದಗುತ್ತದೆ. ಹೊಲಿಗೆ ಕಾಣಬಾರದೆಂದು ಅದನ್ನು ನದಿ, ರಸ್ತೆಗಳ ಗುಂಟ ಹಾಯಿಸುತ್ತಾರೆ, ಅಕ್ಕಪಕ್ಕದ ತುಂಡುಗಳ ಬಣ್ಣವನ್ನು ಹೊಂದಿಸುತ್ತಾರೆ. ತುಂಡಿನ ಓರೆ ಸರಿಪಡಿಸುವ ಕೆಲಸವೂ ಉಂಟು. ಸೆಂಟಿನೆಲ್ ಚಿತ್ರಗಳು ಸುಮಾರು 110 ಕಿ.ಮೀ. ಚೌಕದ ‘ಟೈಲ್’ಗಳಾಗಿ ಬರುತ್ತವೆ, ಆರಾರು ಡಿಗ್ರಿ ರೇಖಾಂಶಕ್ಕೆ ಒಂದರಂತೆ ಪ್ರಕ್ಷೇಪ ವಲಯ (ಪ್ರಕ್ಷೇಪ ಎಂದರೆ ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಬಗೆ). 78 ಡಿಗ್ರಿಯ ಗೆರೆ ನಮ್ಮ ರಾಜ್ಯದ ಪೂರ್ವದ ಅಂಚನ್ನು ಕತ್ತರಿಸುವುದರಿಂದ ಬೆಂಗಳೂರು 43ನೆಯ ವಲಯಕ್ಕೂ ಕೋಲಾರ, ಮುಳಬಾಗಿಲುಗಳು 44ನೆಯ ವಲಯಕ್ಕೂ ಬೀಳುತ್ತವೆ. ಎರಡನ್ನೂ ಒಂದೇ ಪ್ರಕ್ಷೇಪಕ್ಕೆ ತರದೆ ಹೊಲಿದರೆ ಕೋಲಾರದ ತುಂಡು ಓರೆಯಾಗಿ ಕೂರುತ್ತದೆ. ‘ಟೈಲ್’ಗೆ ‘ತುಂಡು’ ಸಾಕು ಎಂದುಕೊಂಡಿದ್ದೇನೆ. ಇಲ್ಲವಾದರೆ ಗಾರೆಯವರು ಮತ್ತೆ ಪುಸ್ತಕದೊಳಕ್ಕೆ ಬರುತ್ತಾರೆ.

ತೊಡಕಿರುವುದು ಇನ್ನೊಂದು ಕಡೆ. ಈಗೀಗ ತುಂಡುಗಳನ್ನು ಕೂಡಿಸುವ ಮೊದಲೇ ಒಂದು ಹಂಗಾಮಿನ ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಪ್ರತಿಯೊಂದು ಚುಕ್ಕಿಯಲ್ಲೂ (ಪಿಕ್ಸೆಲ್) ಮೋಡ ಮತ್ತು ಮೋಡದ ನೆರಳು ಬಿದ್ದವನ್ನು ತೆಗೆದು, ಉಳಿದವುಗಳ ಮಧ್ಯಾಂಕವನ್ನು, ಅಂದರೆ ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವುದನ್ನು, ಇಟ್ಟುಕೊಳ್ಳುತ್ತಾರೆ. ಸರಾಸರಿ ಏಕಾಗದು? ಒಂದು ಚುಕ್ಕಿಯ ಹೊಳಪು ಐದು ದಿನಗಳಲ್ಲಿ 4, 5, 5, 6, 60 ಎಂದಿರಲಿ. ಕೊನೆಯದು ಕಣ್ತಪ್ಪಿಸಿ ಉಳಿದ ಮೋಡ. ಸರಾಸರಿ 16, ಯಾವ ದಿನವೂ ಇರದಿದ್ದ ಹೊಳಪು. ಮಧ್ಯಾಂಕ 5. ಇದು ಹೊಲಿಯುವ ಕೆಲಸವಲ್ಲ, ಕಾಳು ಹಸನು ಮಾಡುವ ಕೆಲಸ. ಇಂಗ್ಲಿಷಿನವರು ಎರಡಕ್ಕೂ ಬೇರೆ ಹೆಸರಿಟ್ಟಿದ್ದಾರೆ (ಹೊಲಿದದ್ದು ‘ಮೊಸಾಯಿಕ್’, ಹಸನು ಮಾಡಿದ್ದು ‘ಕಾಂಪೊಸಿಟ್’), ನಮ್ಮ ಹಸ್ತಪ್ರತಿಯಲ್ಲಿ ಎರಡೂ ‘ಸಂಯೋಜಿತ’. ಇದಕ್ಕೆ ‘ಸೋಸುಚಿತ್ರ’ ಎಂದು ಬರೆದು, ಹೊಡೆದುಹಾಕಿ, ‘ಹಸನುಚಿತ್ರ’ ಎಂದು ಬರೆದು, ಅದನ್ನೂ ಅರ್ಧ ಮನಸ್ಸಿನಿಂದ ಬಿಟ್ಟಿದ್ದೇನೆ.

ಈ ಭೇದವನ್ನು ಪಂಡಿತರ ಚಪಲ ಎನ್ನಬೇಡಿ. ಚಿತ್ರದ ಅಡಿಯಲ್ಲಿ ‘ತೆಗೆದ ದಿನಾಂಕ’ ಹಾಕಲೇಬೇಕೆಂದು ಸಂಪಾದಕರ ಪಟ್ಟು. ಕೌದಿಯಾದರೆ ತುಂಡಿಗೊಂದು ದಿನಾಂಕ ಹೇಳಬಹುದು. ಹಸನು ಮಾಡಿದ ಚಿತ್ರದಲ್ಲಿ ಒಂದು ಗದ್ದೆಯ ಈ ಮೂಲೆ ಜನವರಿಯದು, ಆ ಮೂಲೆ ಫೆಬ್ರವರಿಯದು ಆಗಿರಬಹುದು. ಅಲ್ಲಿ ಹಂಗಾಮನ್ನಷ್ಟೇ ಹೇಳಲು ಸಾಧ್ಯ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮೇಲೆ ಸೋಸಲು ಕಾಳೇ ಸಿಗದಷ್ಟು ಮೋಡ. ಮುಂಗಾರು ಹಂಗಾಮಿನ ಚಿತ್ರದಲ್ಲಿ ಆಗುಂಬೆಯ ಕಡೆ ತೂತುಗಳು ಉಳಿಯುತ್ತವೆ. ಅವನ್ನು ಬೇರೆ ವರ್ಷದ ಚಿತ್ರದಿಂದ ಮುಚ್ಚುವುದುಂಟು. ಮೇಲೆ ನಾನು ತಳ್ಳಿಹಾಕಿದ ‘ತೇಪೆ’ಗೆ ಇಲ್ಲಿ ಜಾಗ ಸಿಕ್ಕಿತು.

ಒಂದು ಪದ ಮಾತ್ರ ಯಾರನ್ನೂ ಕೇಳದೆ ಸರಿಹೋಯಿತು. ಸೆಂಟಿನೆಲ್‌ನ ಚುಕ್ಕಿ 10 ಮೀಟರ್ ಚೌಕ, ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 101 ಚದರ ಮೀಟರ್. ‘ಒಂದು ಚುಕ್ಕಿ ಎಂದರೆ ಹೆಚ್ಚುಕಡಿಮೆ ಒಂದು ಗುಂಟೆ’ ಎಂದು ಬರೆದೆ. ಲಿಸ್-3ರ 23.5 ಮೀಟರ್ ಚುಕ್ಕಿ ಐದೂವರೆ ಗುಂಟೆ. ಪಹಣಿ ಓದಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಇನ್ನು ‘ಹೊದಿಕೆ’. ‘ಭೂ ಹೊದಿಕೆ’ ರೂಢಿಗೆ ಬಂದಿದೆ, ಬದಲಿಸುವ ಆಸೆ ನನಗಿಲ್ಲ. ಆದರೆ ತೋಟಗಾರಿಕೆಯಲ್ಲಿ ಹೊದಿಕೆ ಎಂದರೆ ಗಿಡದ ಬುಡಕ್ಕೆ ಹರಡುವ ತರಗು ಅಥವಾ ಪ್ಲಾಸ್ಟಿಕ್. ಕೊಡಗಿಗೆ ಹೋದರೆ ಗೊಂದಲ ಇನ್ನೊಂದು ಬಗೆಯದು. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರ್ ಅಥವಾ ಅದಕ್ಕೂ ಹೆಚ್ಚಿನ ಜಾಗದಲ್ಲಿ ಶೇ. 10ರಷ್ಟು ಮರಗಳ ನೆತ್ತಿ ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’, ಜಮೀನು ಯಾರದೇ ಆಗಿರಲಿ. ಹಾಗಾಗಿ ನೆರಳುಮರಗಳ ಕೆಳಗಿನ ಕಾಫಿ ತೋಟ ಬಳಕೆಯಲ್ಲಿ ತೋಟ, ಹೊದಿಕೆಯಲ್ಲಿ ಅರಣ್ಯ. ಪತ್ರಿಕೆಯಲ್ಲಿ ‘ಅರಣ್ಯ ಹೊದಿಕೆ ಹೆಚ್ಚಳ’ ಎಂದು ಓದಿದವರು ಕಾಡು ಬೆಳೆಯಿತೆಂದು ತಿಳಿಯುತ್ತಾರೆ. ‘ಮರ ಹೊದಿಕೆ’ ಎನ್ನೋಣವೆಂದರೆ ಅದೇ ಸಂಸ್ಥೆ ಆ ಹೆಸರನ್ನು ಚಿಕ್ಕ ತೋಪುಗಳಿಗೆ, ಬಿಡಿ ಮರಗಳಿಗೆ ಕೊಟ್ಟಾಗಿದೆ.

ಬಲ್ಲವರಲ್ಲಿ ಕೇಳುವುದು ಇಷ್ಟು. ಕೌದಿ ಬಡಗಣ ಕರ್ನಾಟಕದ ಪದ. ಮೈಸೂರು, ಮಂಡ್ಯದ ಕಡೆಯ ರೈತರಿಗೆ ‘ಕೌದಿಚಿತ್ರ’ ತಟ್ಟನೆ ತಿಳಿದೀತೇ, ಆ ಕಡೆ ಬೇರೆ ಹೆಸರುಂಟೇ? ಕರಾವಳಿಯಲ್ಲಿ? ‘ಹಸನುಚಿತ್ರ’ಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ. ಹಸ್ತಪ್ರತಿ ಸೋಮವಾರ ಅಚ್ಚಿಗೆ ಹೋಗುತ್ತದೆ. ಅತ್ತೆಗೆ ಮಾತ್ರ ಕೌದಿ ಒಪ್ಪಿಗೆಯಾಗಿದೆ, ಅವರು ರೋಣದವರು.