ಅಮ್ಮನ ರಿಪೋರ್ಟ್‌ನಲ್ಲಿ ‘ಇಎಸ್‌ಬಿಎಲ್’ ಅಂತ ಬಂದಿದೆ, ಇಂಜೆಕ್ಷನ್ ಹಾಕಿಸಬೇಕಾ?

ದಾವಣಗೆರೆ ಮಗಳು: ಅಮ್ಮನಿಗೆ 64 ವರ್ಷ. ಮುಂದಿನ ತಿಂಗಳು ಮಂಡಿ ಆಪರೇಷನ್ ಇದೆ. ಅದಕ್ಕೆ ಮುಂಚೆ ಮಾಡಿಸಿದ ಟೆಸ್ಟ್‌ಗಳಲ್ಲಿ ಯೂರಿನ್ ಕಲ್ಚರ್ ಕೂಡ ಇತ್ತು. ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ, ಇಎಸ್‌ಬಿಎಲ್ ಪಾಸಿಟಿವ್ ಅಂತ ಬಂದಿದೆ. ಕೆಳಗೆ ಔಷಧಿಗಳ ಪಟ್ಟಿ. ಸೆಫಿಕ್ಸಿಮ್ ಎದುರು ‘ಆರ್’ (ಅಂದರೆ ಆ ಔಷಧಿಗೆ ಬಗ್ಗಲ್ಲ ಅಂತ), ಸಿಪ್ರೊಫ್ಲಾಕ್ಸಾಸಿನ್ ಎದುರು ‘ಆರ್’, ಹೀಗೆ ಸಾಲಾಗಿ ಎಂಟು ‘ಆರ್’ ಇವೆ. ಅಮ್ಮನಿಗೆ ಉರಿ ಇಲ್ಲ, ಜ್ವರ ಇಲ್ಲ. ಒಬ್ಬ ಡಾಕ್ಟರು ಏಳು ದಿನ ಮೆರೊಪೆನೆಮ್ ಇಂಜೆಕ್ಷನ್ ಹಾಕಿಸಿ ಅಂದರು. ಮೂಳೆ ಡಾಕ್ಟರು ಏನೂ ಬೇಡ ಅಂದರು. ಯಾರ ಮಾತು ಕೇಳಲಿ? ಎರಡು ದಿನದಿಂದ ನಿದ್ದೆ ಬಂದಿಲ್ಲ.

ಕಲ್ಚರ್ ಪ್ಲೇಟ್: ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ 14 ವರ್ಷದಿಂದ ಇದ್ದೇನೆ. ಮೊದಲು ಧೈರ್ಯ ತಂದುಕೊಳ್ಳಿ ತಂಗಿ. ಇಎಸ್‌ಬಿಎಲ್ ಅನ್ನೋದು ಕಾಯಿಲೆಯ ಹೆಸರಲ್ಲ. ಪೆನಿಸಿಲಿನ್, ಸೆಫಲೋಸ್ಪೊರಿನ್ ಜಾತಿಯ ಔಷಧಿಗಳನ್ನು ಒಡೆದು ಹಾಕುವ ಒಂದು ಕಿಣ್ವ ಅದು. ಅಂಥ ಕಿಣ್ವ ಇರುವ ಇ. ಕೋಲೈ ನಮ್ಮಲ್ಲಿ ಎಷ್ಟೋ ಜನರ ಕರುಳಲ್ಲಿ ಸುಮ್ನೆ ಇದೆ. ಅಲ್ಲಿಂದ ಮೂತ್ರದ ದಾರಿಗೂ ಬರುತ್ತದೆ. ತೊಂದರೆ ಇಲ್ಲದಿದ್ದರೆ ಅದಕ್ಕೆ ಔಷಧಿ ಬೇಡ. ಗರ್ಭಿಣಿಯರಿಗೆ, ಮೂತ್ರನಾಳದ ಆಪರೇಷನ್ ಆಗುವವರಿಗೆ ಮಾತ್ರ ಲೆಕ್ಕ ಬೇರೆ. ಮಂಡಿ ಆಪರೇಷನ್ ಆ ಪಟ್ಟಿಯಲ್ಲಿ ಇಲ್ಲ. ಅಮೆರಿಕದ ಸೋಂಕು ತಜ್ಞರ ಸಂಘ 2019ರಲ್ಲಿ ಕೊಟ್ಟ ಸಲಹೆಯೂ ಇದೇ. ಮೂಳೆ ಡಾಕ್ಟರ ಮಾತು ಸರಿ.

ಹಾವೇರಿ ಬಸಣ್ಣ: ರೋಗಾಣು ಕಣ್ಣೆದುರು ಇದೆ, ಔಷಧಿಯೂ ಇದೆ. ಕೊಲ್ಲದೆ ಬಿಡೋದು ಅಂದರೆ ಹೇಗೆ ಮೇಡಂ? ಆಪರೇಷನ್ ಆದ ಮೇಲೆ ಕೀವು ಆದರೆ ಯಾರು ಹೊಣೆ?

ಕಲ್ಚರ್ ಪ್ಲೇಟ್: ಬಸಣ್ಣ ಅವರೇ, ನಿಮ್ಮ ಭಯ ನನಗೆ ಅರ್ಥ ಆಗುತ್ತದೆ. ಆದರೆ ಇಂಜೆಕ್ಷನ್ ಕರುಳನ್ನು ತೊಳೆದು ಕೊಡುವುದಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಖಾಲಿಯಾದ ಜಾಗದಲ್ಲಿ ಇನ್ನೂ ಗಟ್ಟಿಯಾದವು ಬೆಳೆಯುತ್ತವೆ. ಮೆರೊಪೆನೆಮ್‌ಗೂ ಬಗ್ಗದ ಎನ್‌ಡಿಎಂ ಜೀನ್ ಇರುವ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಂಡರೆ ಆಮೇಲೆ ಕೊಡಲು ಔಷಧಿ ಹುಡುಕಬೇಕಾಗುತ್ತದೆ. ಇದೇ ಇಎಸ್‌ಬಿಎಲ್ ರಕ್ತಕ್ಕೆ ಇಳಿದಾಗ ಮೆರೊಪೆನೆಮ್ ಎಷ್ಟು ಮುಖ್ಯ ಗೊತ್ತಾ? 2018ರಲ್ಲಿ ಬಂದ ಮೆರಿನೊ ಅನ್ನುವ ಪ್ರಯೋಗದಲ್ಲಿ, ಪಿಪರಾಸಿಲಿನ್-ಟಾಜೊಬ್ಯಾಕ್ಟಮ್ ಅನ್ನುವ ಇನ್ನೊಂದು ಆ್ಯಂಟಿಬಯಾಟಿಕ್ ಪಡೆದವರಲ್ಲಿ 30 ದಿನದೊಳಗೆ ನೂರಕ್ಕೆ 12.3 ಜನ ತೀರಿಕೊಂಡರು. ಮೆರೊಪೆನೆಮ್ ಪಡೆದವರಲ್ಲಿ 3.7. ಅದೂ ಲ್ಯಾಬ್ ರಿಪೋರ್ಟ್‌ನಲ್ಲಿ ಎರಡೂ ಕೆಲಸ ಮಾಡುತ್ತವೆ ಅಂತ ಇದ್ದಾಗ! ಅಂಥ ಔಷಧಿಯನ್ನು ಏನೂ ಆಗದವರಿಗೆ ಹಾಕಿ ಸವೆಸಬಾರದು.

ಮೆಡಿಕಲ್ ಸ್ಟೋರ್ 22: ಇಂಥ ಚರ್ಚೆ ಬಂದಾಗೆಲ್ಲ ಕೊನೆಗೆ ಬೈಗುಳ ನಮ್ಮಂಥ ಅಂಗಡಿಯವರಿಗೇ. ಹಾಗಾಗಿ ಮೊದಲೇ ಹೇಳುತ್ತೇನೆ. ನಿನ್ನೆ ಸಂಜೆ ಒಬ್ಬರು ಬಂದರು. ಕೈಯಲ್ಲಿ ಕತ್ತರಿಸಿದ ಸ್ಟ್ರಿಪ್, ಹೆಸರು ಅರ್ಧ ಹರಿದಿದೆ, ನಾರ್ಫ್ಲಾಕ್ಸಾಸಿನ್ ಟಿನಿಡಜೋಲ್ ಆ್ಯಂಟಿಬಯಾಟಿಕ್ ಇರಬೇಕು. ‘ಮಗನಿಗೆ ಭೇದಿ, ಇದೇ ನಾಲ್ಕು ಕೊಡಿ’ ಅಂದರು. ಚೀಟಿ ಕೇಳಿದೆ. ಒಆರ್‌ಎಸ್ ಪೊಟ್ಟಣ ಮುಂದಿಟ್ಟೆ. ಅದನ್ನು ಅಲ್ಲೇ ಬಿಟ್ಟು ಎದುರಿನ ಅಂಗಡಿಗೆ ಹೋದರು. 2014ರಿಂದ ಸರ್ಕಾರದ ಎಚ್1 ಔಷಧಿ ಪಟ್ಟಿ ಬಂದಿದೆ. ಸೆಫಿಕ್ಸಿಮ್‌ನಂಥವನ್ನು ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಮೂರು ವರ್ಷ ರಿಜಿಸ್ಟರ್ ಇಡಬೇಕು. ನಾನು ಬರೆಯುತ್ತೇನೆ. ಬರೆಯದವರಿಗೆ ವ್ಯಾಪಾರ ಜಾಸ್ತಿ. ಇದು ನೋವಿನ ಮಾತು.

ಐಂಡ್‌ಹೋವನ್ ಕನ್ನಡಿಗ: ಅಂಗಡಿಯೊಂದೇ ಕಾರಣ ಅಲ್ಲ ಸರ್. ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹೊರದೇಶಕ್ಕೆ ಹೋಗಿ ಬಂದ ಸುಮಾರು 2000 ಜನರ ಮಲ ಪರೀಕ್ಷೆ ಮಾಡಿದ್ದರು, 2017ರಲ್ಲಿ ಪ್ರಕಟ ಆಯಿತು. ಹೋಗುವ ಮುಂಚೆ ಇಎಸ್‌ಬಿಎಲ್ ಇಲ್ಲದವರಲ್ಲಿ ನೂರಕ್ಕೆ 34 ಜನ ಅದನ್ನು ಹೊತ್ತು ಬಂದರು. ದಕ್ಷಿಣ ಏಷ್ಯಾಕ್ಕೆ ಹೋದವರಲ್ಲಿ ನೂರಕ್ಕೆ 75! ಹೆಚ್ಚಿನವರು ಮಾತ್ರೆಯನ್ನೇ ನುಂಗಿರಲಿಲ್ಲ. ತಿಂದದ್ದು, ಕುಡಿದದ್ದು ಅಷ್ಟೇ. ಓದಿದಾಗ ಎದೆ ಝಲ್ ಅಂದಿತು. ನಾನು ಪ್ರತಿ ವರ್ಷ ಹಾಸನಕ್ಕೆ ಬರುತ್ತೇನೆ, ಮಕ್ಕಳನ್ನೂ ಕರೆತರುತ್ತೇನೆ. ಸಮಾಧಾನ ಅಂದರೆ, ಅರ್ಧದಷ್ಟು ಜನರಲ್ಲಿ ಒಂದು ತಿಂಗಳಲ್ಲಿ ತಾನಾಗಿಯೇ ಹೋಗಿತ್ತು. ಒಂದು ವರ್ಷ ಉಳಿದದ್ದು ನೂರಕ್ಕೆ 11 ಜನರಲ್ಲಿ.

ಹಾವೇರಿ ಬಸಣ್ಣ: ಹಾಗಾದರೆ ನೀರಿನಲ್ಲೇ ಬರುತ್ತದೆ ಅಂದಾಯಿತು. ಮತ್ತೆ ಮಾತ್ರೆ ಬೇಡ ಅಂತ ಬಡವರಿಗೆ ಯಾಕೆ ಬುದ್ಧಿ ಹೇಳೋದು? ಒಂದು ದಿನ ಕೂಲಿ ಬಿಟ್ಟರೆ ಮನೆ ನಡೆಯಲ್ಲ. ಅದಕ್ಕೇ ಮಾತ್ರೆ ನುಂಗುತ್ತಾರೆ.

ಕಲ್ಚರ್ ಪ್ಲೇಟ್: ನಿಮ್ಮ ಈ ಮಾತು ನಾನು ಒಪ್ಪುತ್ತೇನೆ, ಅರ್ಧ. ದೆಹಲಿಯಲ್ಲಿ 2010ರಲ್ಲಿ ರಸ್ತೆ ಬದಿ ನಿಂತ ನೀರಿನ 171 ಮಾದರಿ ತೆಗೆದಾಗ 51ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತು. ನಲ್ಲಿ ನೀರಿನ 50 ಮಾದರಿಗಳಲ್ಲಿ ಎರಡರಲ್ಲಿ. ಒಳಚರಂಡಿ ಸರಿ ಮಾಡದೆ ಜನರನ್ನಷ್ಟೇ ದೂರುವುದು ಅನ್ಯಾಯ. ಆದರೆ ಆ ಡಚ್ ಅಧ್ಯಯನದಲ್ಲೇ ಇನ್ನೊಂದು ವಿಷಯ ಇದೆ. ಪ್ರವಾಸದಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡವರಿಗೆ ಅಂಟುವ ಸಂಭವ ಸ್ಪಷ್ಟವಾಗಿ ಜಾಸ್ತಿ ಇತ್ತು. ನೀರು ಬೀಜ ತರುತ್ತದೆ, ಮಾತ್ರೆ ಹೊಲ ಹಸನು ಮಾಡಿ ಕೊಡುತ್ತದೆ. ಮತ್ತೆ ಹೆಚ್ಚಿನ ಭೇದಿಗೆ ಆ ಮಾತ್ರೆ ಬೇಕಾಗಿಯೇ ಇರುವುದಿಲ್ಲ. ರಕ್ತ ಬಿದ್ದರೆ, ಜೋರು ಜ್ವರ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಉಳಿದಂತೆ ಒಆರ್‌ಎಸ್, ಮಕ್ಕಳಿಗೆ ಜಿಂಕ್.

ಕೋಳಿ ಫಾರಂ ತುಮಕೂರು: ನಮ್ಮ ಕಡೆಯದೂ ಸೇರಿಸಿ. ಮೊದಲೆಲ್ಲ ಮರಿ ಬೇಗ ತೂಕ ಬರಲಿ ಅಂತ ಮೇವಿಗೆ ಕೊಲಿಸ್ಟಿನ್ ಬೆರೆಸುತ್ತಿದ್ದರು. ಮನುಷ್ಯರಿಗೆ ಅದೇ ಕೊನೆಯ ಔಷಧಿ ಅಂತ ನನಗೆ ಗೊತ್ತಾಗಿದ್ದೇ 2019ರಲ್ಲಿ, ಕೇಂದ್ರ ಸರ್ಕಾರ ನಿಷೇಧ ಮಾಡಿದಾಗ.

ಓದುಗ ಮೈಸೂರು: ಬೇರೆಯವರ ಮಲ ಕರುಳಿಗೆ ಹಾಕುವ ಚಿಕಿತ್ಸೆ ಇದೆಯಂತಲ್ಲ? ಅದರಿಂದ ಅಮ್ಮನಿಗೆ ಪೂರ್ತಿ ವಾಸಿ ಆಗಲ್ವಾ?

ಕಲ್ಚರ್ ಪ್ಲೇಟ್: ಅದು ಪದೇ ಪದೇ ಬರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದ ಭೇದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಎಸ್‌ಬಿಎಲ್ ಓಡಿಸಲು ಅಲ್ಲ. 2019ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಪರೀಕ್ಷೆ ಮಾಡದ ದಾನಿಯ ಮಲದಿಂದಲೇ ಇಬ್ಬರಿಗೆ ಇಎಸ್‌ಬಿಎಲ್ ಇ. ಕೋಲೈ ಸೋಂಕು ತಗುಲಿ, ಒಬ್ಬರು ತೀರಿಕೊಂಡರು.

ದಾವಣಗೆರೆ ಮಗಳು: ಮೂಳೆ ಡಾಕ್ಟರಿಗೆ ಫೋನ್ ಮಾಡಿದೆ. ಇಂಜೆಕ್ಷನ್ ಬೇಡ, ಡೇಟ್ ಬದಲಿಲ್ಲ ಅಂದರು. ಇನ್ನೊಂದು ಕೇಳಲಾ ಅಕ್ಕಾ? ಅಮ್ಮನೇ ಮೊಮ್ಮಗುವಿಗೆ ಅನ್ನ ಕಲಸಿ ತಿನ್ನಿಸೋದು. ರಿಪೋರ್ಟ್ ಬಂದ ಮೇಲೆ ಅವರೇ ದೂರ ಕೂರುತ್ತಿದ್ದಾರೆ. ತಟ್ಟೆ ಬೇರೆ ಇಟ್ಟುಕೊಂಡಿದ್ದಾರೆ.

ಕಲ್ಚರ್ ಪ್ಲೇಟ್: ದಯವಿಟ್ಟು ಆ ತಟ್ಟೆ ಒಳಗಿಡಿ. ಕಕ್ಕಸಿಗೆ ಹೋಗಿ ಬಂದ ಮೇಲೆ, ಅನ್ನ ಕಲಸುವ ಮುಂಚೆ ಸೋಪು ಹಚ್ಚಿ ಕೈ ತೊಳೆದರೆ ಸಾಕು. ಟವೆಲ್ ಬೇರೆ ಇರಲಿ. ಆಸ್ಪತ್ರೆಗೆ ಸೇರುವ ದಿನ ಈ ರಿಪೋರ್ಟ್ ತೋರಿಸಿ. ಮುಂದೆ ಎಂದಾದರೂ ಚಳಿ ಜ್ವರ ಬಂದರೆ ಮೊದಲು ಇದನ್ನೇ ತೋರಿಸಬೇಕು, ಯಾವ ಔಷಧಿ ಶುರು ಮಾಡಬೇಕು ಅನ್ನೋದು ಇದರಿಂದ ಗೊತ್ತಾಗುತ್ತದೆ.

ದಾವಣಗೆರೆ ಮಗಳು: ಫೋಟೋ ತೆಗೆದು ಅಮ್ಮನ ಫೋನಿಗೂ ಹಾಕಿದ್ದೇನೆ. ರಾತ್ರಿ ಅವರೇ ಅನ್ನ ಕಲಸಿದರು.