ಹದಿನೈದು ವರ್ಷ ಏನೂ ಮಾಡದ ಹೇರ್ ಡೈ ಈಗ ಯಾಕೆ ಕಣ್ಣು ಊದಿಸಿತು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನಗೆ 46 ವರ್ಷ. ಹದಿನೈದು ವರ್ಷದಿಂದ ಒಂದೇ ಕಂಪನಿಯ ಕಪ್ಪು ಡೈ ಹಚ್ಚುತ್ತಿದ್ದೇನೆ. ಹಿಂದಿನ ಎರಡು ಸಲ ಕಿವಿ ಹಿಂದೆ ಸ್ವಲ್ಪ ತುರಿಕೆ ಇತ್ತು, ತಾನೇ ಹೋಯಿತು, ನಾನೂ ಸುಮ್ಮನಾದೆ. ಈ ಸಲ ಭಾನುವಾರ ಬೆಳಿಗ್ಗೆ ಹಚ್ಚಿದೆ. ಸೋಮವಾರ ರಾತ್ರಿ ಹಣೆ ಉರಿ ಶುರುವಾಯಿತು. ಮಂಗಳವಾರ ಎದ್ದರೆ ಕಣ್ಣು ಬಿಡೋಕೇ ಆಗಲಿಲ್ಲ, ರೆಪ್ಪೆಗಳು ಅಷ್ಟು ಊದಿದ್ದವು. ಕಿವಿಯಿಂದ ನೀರು ಒಸರುತ್ತಿದೆ. ವಿಚಿತ್ರ ಅಂದ್ರೆ ಡೈ ಹಚ್ಚಿದ ನೆತ್ತಿಯಲ್ಲಿ ಅಷ್ಟೇನೂ ಇಲ್ಲ. ಪ್ಯಾಕೆಟ್ ಮೇಲಿನ ಡೇಟ್ ಕೂಡ ಮುಗಿದಿರಲಿಲ್ಲ. ಇದು ಡೈಯಿಂದಲೇನಾ? ತಲೆ ಬೋಳಿಸಿಬಿಡು ಅಂತ ಒಬ್ಬರು ಹೇಳಿದರು. ಮುಂದೆ ಬೇರೆ ಕಂಪನಿಯದು ಹಚ್ಚಬಹುದಾ?

ಉತ್ತರ (ಚರ್ಮವೈದ್ಯೆ): ಮೊದಲು ಒಂದು ಮಾತು. ಉಸಿರಾಟ ಕಷ್ಟ ಆಗುತ್ತಿದೆಯಾ? ನಾಲಿಗೆ ದಪ್ಪ ಆದ ಹಾಗೆ, ದನಿ ಬದಲಾದ ಹಾಗೆ, ತಲೆ ಸುತ್ತಿ ಬೀಳುವ ಹಾಗೆ ಅನಿಸುತ್ತಿದೆಯಾ? ಇದರಲ್ಲಿ ಒಂದಿದ್ದರೂ ಇದನ್ನು ಓದುತ್ತಾ ಕೂರಬೇಡಿ, ತುರ್ತು ಚಿಕಿತ್ಸೆಗೆ ಹೊರಡಿ. ಇಲ್ಲದಿದ್ದರೂ ಕಣ್ಣು ಮುಚ್ಚುವಷ್ಟು ಊದಿದೆ ಅಂದ್ರೆ ಇವತ್ತೇ ವೈದ್ಯರಿಗೆ ತೋರಿಸಿ. ಇದು ಮನೆಯಲ್ಲಿ ಕ್ರೀಮ್ ಹಚ್ಚಿ ಕಾಯುವ ಹಂತ ಅಲ್ಲ.

ನೀವು ಬರೆದದ್ದು ಓದಿದರೆ ಡೈ ಅಲರ್ಜಿಯೇ ಅನಿಸುತ್ತದೆ. ಭಾನುವಾರ ಹಚ್ಚಿ ಮಂಗಳವಾರ ಊದಿತು ಅಂದಿರಲ್ಲ, ಆ ತಡವೇ ಇದರ ಗುರುತು. ಪರ್ಮನೆಂಟ್ ಡೈಗಳಲ್ಲಿ, ಅದರಲ್ಲೂ ಕಪ್ಪು ಬಣ್ಣದವುಗಳಲ್ಲಿ, ಪ್ಯಾರಾ-ಫೆನಿಲೀನ್‌ಡೈಅಮೀನ್ ಅನ್ನುವ ರಾಸಾಯನಿಕ ಇರುವುದು ಜಾಸ್ತಿ. ನಾವು ಪಿಪಿಡಿ ಅಂತ ಕರೆಯುತ್ತೇವೆ. ಇದಕ್ಕೆ ತನ್ನದೇ ಕಪ್ಪು ಬಣ್ಣ ಇಲ್ಲ. ಡೈಗೆ ಕಲಸುವ ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬೆರೆತಾಗ ಕೂದಲಿನ ಒಳಗೆ ಹೋದ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗಿ, ಕಪ್ಪಾಗಿ, ಹೊರಗೆ ಬರಲಾರದೆ ಅಲ್ಲೇ ಉಳಿಯುತ್ತವೆ. ಅದಕ್ಕೇ ಅದು ಪರ್ಮನೆಂಟ್. ತೊಂದರೆ ಇರುವುದು ಡೈ ತಲೆಯ ಮೇಲಿರುವ ಆ ಅರ್ಧಗಂಟೆಯಲ್ಲಿ. ಇನ್ನೂ ಅಂಟಿಕೊಳ್ಳದ ಸಣ್ಣ ಕಣಗಳು ಕೂದಲಿಗೆ ನುಗ್ಗುವ ಹಾಗೆಯೇ ಚರ್ಮದೊಳಕ್ಕೂ ನುಗ್ಗುತ್ತವೆ.

ಒಳಗೆ ಹೋದವು ಚರ್ಮದ ಪ್ರೋಟೀನಿಗೆ ಅಂಟುತ್ತವೆ. ಚರ್ಮದಲ್ಲಿ ಕಾವಲು ಕಾಯುವ ಜೀವಕೋಶಗಳಿಗೆ ಅದು ಹೊರಗಿನ ವಸ್ತು ಥರ ಕಾಣುತ್ತದೆ. ಅವು ಅದನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಅಲ್ಲಿನ ಟಿ ಕಣಗಳಿಗೆ, ಅಂದ್ರೆ ಒಂದು ಬಗೆಯ ಬಿಳಿ ರಕ್ತಕಣಗಳಿಗೆ, ತೋರಿಸುತ್ತವೆ. ಟಿ ಕಣಗಳಲ್ಲಿ ಕೆಲವು ಅದನ್ನು ನೆನಪಿಟ್ಟುಕೊಳ್ಳುತ್ತವೆ. ಈ ಹಂತದಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಎರಡು ವಾರದಲ್ಲೇ ಹೀಗಾಗಬಹುದು, ಕೆಲವರಿಗೆ ಇಪ್ಪತ್ತು ವರ್ಷ ಹಚ್ಚಿದ ಮೇಲೆ. ಒಮ್ಮೆ ನೆನಪು ಕೂತ ಮೇಲೆ, ಮತ್ತೆ ಅದೇ ವಸ್ತು ತಾಗಿದಾಗ ಆ ಟಿ ಕಣಗಳು ಅಲ್ಲಿಗೆ ಬಂದು ಸೇರುತ್ತವೆ. ಹಾಗೆ ಸೇರೋಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. "ಇಷ್ಟು ವರ್ಷ ಏನೂ ಆಗಿರಲಿಲ್ಲ" ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹೇಳುತ್ತಾರೆ. ಇಷ್ಟು ವರ್ಷ ಹಚ್ಚಿದ್ದರಿಂದಲೇ ಆಗಿದ್ದು ಅಂತ ಅವರಿಗೆ ಹೇಳುವಾಗ ನನಗೂ ಬೇಜಾರಾಗುತ್ತದೆ.

ಹೋದ ಎರಡು ಸಲದ ಆ ಕಿವಿ ತುರಿಕೆ ಇದೆಯಲ್ಲ, ಅದೇ ಮೊದಲ ಎಚ್ಚರಿಕೆ ಆಗಿತ್ತು. ಇದನ್ನು ನಿಮ್ಮ ತಪ್ಪು ಅಂತ ಹೇಳುತ್ತಿಲ್ಲ. ಅದನ್ನು ಯಾರೂ ಹೇಳಿಕೊಡುವುದಿಲ್ಲ. ಓದುತ್ತಿರುವ ಉಳಿದವರಾದರೂ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ನೆತ್ತಿಯ ಚರ್ಮ ದಪ್ಪ, ಬೇಗ ಸೋಲುವುದಿಲ್ಲ. ರೆಪ್ಪೆಯ ಚರ್ಮ ಮೈಯಲ್ಲೇ ತೀರಾ ತೆಳು. ತಲೆ ತೊಳೆದ ನೀರು ಇಳಿಯುವ ಹಣೆ, ಕಿವಿಯ ಅಂಚು, ಕತ್ತಿನ ಹಿಂಭಾಗ, ಇವೇ ಜಾಸ್ತಿ ಕೆಂಪಾಗುವ ಜಾಗಗಳು. ಗಂಡಸರು ಗಡ್ಡ ಮೀಸೆಗೆ ಹಚ್ಚಿದರೆ ಮುಖವೇ ಸೋರುತ್ತದೆ.

ತಲೆ ಬೋಳಿಸಬೇಕಾಗಿಲ್ಲ. ಕೂದಲಿನಲ್ಲಿ ಪೂರ್ತಿ ಬಣ್ಣಕ್ಕೆ ತಿರುಗಿದ್ದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಉಳಿದ ಸಣ್ಣ ಕಣಗಳು ಹೋಗಲಿ ಅಂತ ಒಮ್ಮೆ ಸೌಮ್ಯ ಶಾಂಪೂ ಹಾಕಿ, ತಲೆ ಹಿಂದಕ್ಕೆ ಬಾಗಿಸಿ, ಜಾಸ್ತಿ ನೀರಿನಲ್ಲಿ ತೊಳೆಯಿರಿ. ನೀರು ಮುಖಕ್ಕೆ ಇಳಿಯಬಾರದು. ಒಸರುವ ಕಡೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹತ್ತು ನಿಮಿಷ ಇಡಿ. ಔಷಧಿ ಅಂದ್ರೆ ಸ್ಟೀರಾಯ್ಡ್, ಹಚ್ಚುವುದು ಅಥವಾ ಕೆಲವು ದಿನ ನುಂಗುವುದು. ಅದನ್ನು ನಿಮ್ಮನ್ನು ನೋಡಿದ ವೈದ್ಯರೇ ಬರೆಯಬೇಕು. ಯಾರದೋ ಸ್ಟೀರಾಯ್ಡ್ ಕ್ರೀಮ್ ತಂದು ಕಣ್ಣಿನ ಹತ್ತಿರ ಹಚ್ಚಬೇಡಿ. ಅಲರ್ಜಿ ಮಾತ್ರೆ ತುರಿಕೆಗೆ ಸ್ವಲ್ಪ ಸಹಾಯ ಮಾಡೀತು, ಊತ ಇಳಿಸುವುದು ಅದಲ್ಲ.

ಬೇರೆ ಕಂಪನಿ ಡೈ? ಬೇಡ. ಡಬ್ಬಿ ಬದಲಾದರೂ ಒಳಗಿನ ಪಿಪಿಡಿ ಅದೇ. ಪ್ಯಾಚ್ ಟೆಸ್ಟ್ ಆಗುವ ತನಕ ಯಾವ ಪರ್ಮನೆಂಟ್ ಡೈಯನ್ನೂ ಮುಟ್ಟಬೇಡಿ. ಮುಂದಿನ ಸಲ ಇದಕ್ಕಿಂತ ಜೋರಾಗಿ ಬರಬಹುದು.

ಅದೇ ಓದುಗರು: ತೋರಿಸಿಕೊಂಡು ಬಂದೆ, ಈಗ ಕಣ್ಣು ತೆರೆಯುತ್ತಿದೆ. ಪ್ಯಾಚ್ ಟೆಸ್ಟ್ ಅಂದ್ರೆ ಡೈ ಪ್ಯಾಕೆಟ್ ಮೇಲೆ ಬರೆದಿರುತ್ತಲ್ಲ, ಕಿವಿ ಹಿಂದೆ ಹಚ್ಚಿ 48 ಗಂಟೆ ಕಾಯುವುದು, ಅದೇನಾ?

ಉತ್ತರ: ಒಳ್ಳೆಯದಾಯಿತು. ಅವೆರಡೂ ಬೇರೆ ಬೇರೆ. ಪ್ಯಾಕೆಟ್ ಮೇಲಿನದು ಇನ್ನೂ ಏನೂ ಆಗದವರಿಗೆ. ಪ್ರತಿ ಸಲ ಮಾಡಬೇಕು, ಹೋದ ತಿಂಗಳು ಮಾಡಿದ್ದು ಈ ತಿಂಗಳಿಗೆ ಲೆಕ್ಕಕ್ಕಿಲ್ಲ. ಅದರಲ್ಲಿ ಏನೂ ಕಾಣದಿದ್ದರೂ ಅಲರ್ಜಿ ಇಲ್ಲವೇ ಇಲ್ಲ ಅಂತ ಅಲ್ಲ. ನಿಮಗೆ ಈಗಾಗಲೇ ಆಗಿದೆ, ಹಾಗಾಗಿ ನೀವು ಮನೆಯಲ್ಲಿ ಅದನ್ನು ಮಾಡಲೇಬೇಡಿ. ಕಿವಿ ಹಿಂದಿನ ಒಂದು ಹನಿಯೂ ದೊಡ್ಡ ಗುಳ್ಳೆ ಎಬ್ಬಿಸಬಹುದು.

ನಾವು ಮಾಡುವುದರಲ್ಲಿ ಪಿಪಿಡಿಯನ್ನು ನೂರಕ್ಕೆ ಒಂದು ಭಾಗದಂತೆ ವ್ಯಾಸಲೀನ್ ಥರದ ಜಿಡ್ಡಿನಲ್ಲಿ ಬೆರೆಸಿರುತ್ತಾರೆ. ಚಿಕ್ಕ ಬಟ್ಟಲುಗಳಲ್ಲಿ ಅದನ್ನೂ ಇನ್ನು ಕೆಲವು ವಸ್ತುಗಳನ್ನೂ ಹಾಕಿ ಬೆನ್ನಿಗೆ ಟೇಪಿನಿಂದ ಅಂಟಿಸುತ್ತೇವೆ. ಎರಡು ದಿನ ಬೆನ್ನು ಒದ್ದೆ ಮಾಡುವ ಹಾಗಿಲ್ಲ. 48 ಗಂಟೆಗೆ ಟೇಪು ತೆಗೆದು, ಪೆನ್ನಿನಲ್ಲಿ ಗುರುತು ಹಾಕಿ ಒಮ್ಮೆ ನೋಡುತ್ತೇವೆ. ಇನ್ನೊಂದೆರಡು ದಿನ ಬಿಟ್ಟು ಮತ್ತೆ ನೋಡುತ್ತೇವೆ. ಆ ಎರಡನೇ ಭೇಟಿ ತಪ್ಪಿಸಬೇಡಿ, ಕೆಲವು ಕಲೆಗಳು ಆಗಲೇ ಏಳುವುದು. ಅಲರ್ಜಿ ಇದ್ದ ಕಡೆ ಬೆರಳಾಡಿಸಿದರೆ ಬಟ್ಟಲಿನ ಅಳತೆಗೆ ಸರಿಯಾಗಿ ಒಂದು ಕೆಂಪು ಉಬ್ಬು ಕೈಗೆ ಸಿಗುತ್ತದೆ. ಈಗಿನದು ಪೂರ್ತಿ ವಾಸಿಯಾಗಿ, ಸ್ಟೀರಾಯ್ಡ್ ಮಾತ್ರೆ ನಿಂತ ಮೇಲೆ ಮಾಡಿಸಿ.

ಮತ್ತೊಬ್ಬರು: ಮೇಡಂ, ಅಮೋನಿಯಾ ಇಲ್ಲದ್ದು, ಹರ್ಬಲ್ ಅಂತ ಬರೆದದ್ದು ಹಚ್ಚಿದರೆ ಆಗಲ್ವಾ? ನನ್ನ ಮಗಳು ಕೈಗೆ ಕಪ್ಪು ಮೆಹಂದಿ ಹಾಕಿಸಿಕೊಂಡಿದ್ದಳು, ಡಿಸೈನ್ ಇದ್ದ ಕಡೆಯೆಲ್ಲ ಉಬ್ಬಿ ಗುಳ್ಳೆ ಎದ್ದಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ನೇರ ಸಂಬಂಧ ಇದೆ. ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು.

ಗೋರಂಟಿ ಸೊಪ್ಪಿನ ಬಣ್ಣ ಕಿತ್ತಳೆ-ಕೆಂಪು, ಬರಬರುತ್ತಾ ಕಂದು. ಚೆನ್ನಾಗಿ ಹತ್ತಲು ಗಂಟೆಗಟ್ಟಲೆ ಬೇಕು. ಸ್ವಲ್ಪ ಹೊತ್ತಿಗೇ ಅಚ್ಚ ಕಪ್ಪಾಗುವ ಮೆಹಂದಿ ಕಂಡರೆ ಪಿಪಿಡಿ ಬೆರೆಸಿರಬಹುದು ಅಂತಲೇ ಅನುಮಾನಪಡಿ. ಯುರೋಪಿನಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಡೈಯಲ್ಲಿ ಪಿಪಿಡಿ ನೂರಕ್ಕೆ 2 ಭಾಗ ಮೀರಬಾರದು ಅಂತ ನಿಯಮ ಇದೆ, ಚರ್ಮಕ್ಕೆ ನೇರ ಹಚ್ಚಲು ಅನುಮತಿಯೇ ಇಲ್ಲ. ಕಪ್ಪು ಮೆಹಂದಿಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸಿಕ್ಕಿದೆ, ಅದೂ ಗಂಟೆಗಟ್ಟಲೆ ಮೈಮೇಲೆ ಕೂತಿರುತ್ತದೆ. ಮಗಳನ್ನು ಚರ್ಮವೈದ್ಯರಿಗೆ ತೋರಿಸಿ. ಗುಳ್ಳೆ ಮಾಯುತ್ತದೆ, ಕೆಲವು ತಿಂಗಳು ಆ ಡಿಸೈನ್ ಬಿಳಿ ಅಥವಾ ಕಪ್ಪು ಕಲೆಯಾಗಿ ಉಳಿಯಬಹುದು. ಆದರೆ ಅಲರ್ಜಿಯ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಮುಂದೆ ಎಂದೋ ಮೊದಲ ಸಲ ತಲೆಗೆ ಡೈ ಹಚ್ಚಿದ ದಿನ ಅದು ಮರಳಬಹುದು. ಅವಳಿಗೆ ಈಗಲೇ ಹೇಳಿಡಿ, ಬರೆದಿಡಿ.

ಅಮೋನಿಯಾ ಇಲ್ಲ ಅಂದ್ರೆ ಅಮೋನಿಯಾ ಇಲ್ಲ, ಅಷ್ಟೇ. ಪಿಪಿಡಿ ಇಲ್ಲ ಅಂತ ಅರ್ಥ ಅಲ್ಲ. ಹರ್ಬಲ್ ಅನ್ನುವ ಪದ ನೋಡಿ ಕೊಳ್ಳಬೇಡಿ, ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದು ಓದಿ. ಪಿಪಿಡಿಯನ್ನು ಕೆಲವೊಮ್ಮೆ 1,4-ಡೈಅಮೈನೋಬೆಂಜೀನ್ ಅಂತಲೂ ಬರೆದಿರುತ್ತಾರೆ. ಪಿಪಿಡಿ ಇಲ್ಲ ಅನ್ನುವ ಡೈಗಳಲ್ಲಿ ಟಾಲ್ವೀನ್-2,5-ಡೈಅಮೀನ್ ಇರಬಹುದು, ಅದು ಇದರ ಹತ್ತಿರದ ನೆಂಟ. ಪಿಪಿಡಿ ಅಲರ್ಜಿ ಇರುವವರಲ್ಲಿ ಬಹಳ ಜನರಿಗೆ ಅದೂ ಒಗ್ಗುವುದಿಲ್ಲ.

ಸಲೂನ್‌ನಲ್ಲಿ ಕೆಲಸ ಮಾಡುವವರೊಬ್ಬರು: ಮೇಡಂ, ನಾನು ತಲೆಗೆ ಹಚ್ಚಿಕೊಳ್ಳುವುದಿಲ್ಲ, ಬೇರೆಯವರಿಗೆ ಹಚ್ಚುತ್ತೇನೆ. ಬೆರಳ ತುದಿಗಳೆಲ್ಲ ಒಡೆದು ರಕ್ತ ಬರುತ್ತೆ. ರಜೆ ಇದ್ದಾಗ ವಾಸಿ ಆಗುತ್ತೆ. ಡೈ ಹಚ್ಚುವಾಗ ಗ್ಲೌಸ್ ಹಾಕ್ತೀನಿ.

ಉತ್ತರ: ರಜೆಯಲ್ಲಿ ವಾಸಿ, ಕೆಲಸಕ್ಕೆ ಬಂದರೆ ಮತ್ತೆ ಶುರು. ಹಾಗಾದರೆ ಕೆಲಸದಿಂದಲೇ ಬಂದಿರುವ ಸಾಧ್ಯತೆ ಜಾಸ್ತಿ. ತಲೆ ತೊಳೆಯುವಾಗ ಗ್ಲೌಸ್ ತೆಗೆಯುತ್ತೀರಾ? ತುಂಬಾ ಜನ ಅಲ್ಲೇ ತೆಗೆಯುತ್ತಾರೆ, ಆಗಲೂ ಕೂದಲಲ್ಲಿ ಬೆರೆಯದ ಡೈ ಉಳಿದಿರುತ್ತದೆ. ಹೊಸದಾಗಿ ಬಣ್ಣ ಹಾಕಿದ ಕೂದಲನ್ನು ಕತ್ತರಿಸುವಾಗಲೂ ಕೈಗೆ ತಾಗಬಹುದು, ಹಾಗಾಗಿ ಕತ್ತರಿಸುವುದಿದ್ದರೆ ಬಣ್ಣಕ್ಕೆ ಮೊದಲೇ ಮುಗಿಸಿ. ನೈಟ್ರೈಲ್ ಗ್ಲೌಸ್ ಬಳಸಿ, ಒಂದು ಸಲ ಹಾಕಿದ್ದನ್ನು ತೊಳೆದು, ಮಗುಚಿ ಮತ್ತೆ ಹಾಕಬೇಡಿ. ಬರೀ ನೀರು, ಶಾಂಪೂವಿನಿಂದಲೂ ಕೈ ಒಡೆಯುತ್ತದೆ. ಒಡೆದ ಚರ್ಮದೊಳಗೆ ರಾಸಾಯನಿಕ ಇನ್ನೂ ಸುಲಭವಾಗಿ ಇಳಿಯುತ್ತದೆ.

ಬ್ಲೀಚ್ ಪುಡಿ ಕಲಸುವಾಗ ಸೀನು, ಎದೆ ಬಿಗಿತ ಬರುತ್ತಿದ್ದರೆ ಅದನ್ನೂ ಹೇಳಿ. ಅದರಲ್ಲಿನ ಪರ್ಸಲ್ಫೇಟ್‌ಗೆ ಆಸ್ತಮಾ ಬರುವುದುಂಟು. ಪ್ಯಾಚ್ ಟೆಸ್ಟ್ ಮಾಡಿಸಿಕೊಳ್ಳಿ, ತಡ ಮಾಡಬೇಡಿ. ನಿಮ್ಮ ಹೊಟ್ಟೆಪಾಡಿನ ಕೆಲಸ ಇದು, ಬಿಟ್ಟುಬಿಡಿ ಅಂತ ಸುಲಭಕ್ಕೆ ಹೇಳುವುದಿಲ್ಲ. ಯಾವುದಕ್ಕೆ ಅಲರ್ಜಿ ಅಂತ ಗೊತ್ತಾದರೆ ಅದೊಂದನ್ನು ದೂರ ಇಟ್ಟು ಕೆಲಸ ಮುಂದುವರಿಸುವವರೂ ಇದ್ದಾರೆ.

ಮೊದಲು ಕೇಳಿದವರು: ಟೆಸ್ಟ್ ಆಯಿತು ಡಾಕ್ಟ್ರೇ. ಪಿಪಿಡಿಗೆ ಜೋರಾಗಿ ಬಂದಿದೆ, ಟಾಲ್ವೀನ್‌ಗೂ ಬಂದಿದೆ. ಬೆಂಜೊಕೇನ್ ಅನ್ನುವುದಕ್ಕೂ ಸ್ವಲ್ಪ ಕೆಂಪಾಗಿತ್ತು, ಅದು ಯಾಕೆ? ಬಿಳಿ ಕೂದಲಿಗೆ ಇನ್ನು ಏನೂ ಮಾಡುವ ಹಾಗಿಲ್ವಾ?

ಉತ್ತರ: ಬೆಂಜೊಕೇನ್ ಮರಗಟ್ಟಿಸುವ ಔಷಧಿ. ಕೆಲವು ಹಲ್ಲುನೋವಿನ ಜೆಲ್, ಗಂಟಲಿನ ಚೀಪುವ ಮಾತ್ರೆಗಳಲ್ಲಿ ಇರುತ್ತದೆ. ಅದರ ರಚನೆ ಪಿಪಿಡಿಗೆ ಹತ್ತಿರ, ಅದಕ್ಕೇ ದೇಹ ಎರಡನ್ನೂ ಒಂದೇ ಅಂತ ತಿಳಿಯುತ್ತದೆ. ಹಲ್ಲಿನ ಡಾಕ್ಟರಿಗೆ ತಪ್ಪದೆ ಹೇಳಿ. ಅವರು ಕೊಡುವ ಇಂಜೆಕ್ಷನ್ ಹೆಚ್ಚಾಗಿ ಲಿಡೊಕೇನ್, ಅದು ಬೇರೆ ಗುಂಪಿನದು. ಗಾಢ ಬಣ್ಣದ ಸಿಂಥೆಟಿಕ್ ಬಟ್ಟೆ ಹಾಕಿದಾಗ ಕಂಕುಳು, ತೊಡೆಯ ಹತ್ತಿರ ತುರಿಸಿದರೆ ಬಟ್ಟೆಯ ಬಣ್ಣದ ಮೇಲೂ ಅನುಮಾನ ಇಡಿ.

ಬಿಳಿ ಕೂದಲಿಗೆ ಏನೂ ಬೆರೆಸದ ಗೋರಂಟಿ ಸೊಪ್ಪಿನ ಪುಡಿ ಹಚ್ಚಬಹುದು, ಬಣ್ಣ ಕೆಂಪಗೆ ಬರುತ್ತದೆ ಅನ್ನುವುದನ್ನು ಒಪ್ಪಿಕೊಂಡು. ಪೆರಾಕ್ಸೈಡ್ ಬೇಡದ, ತೊಳೆದರೆ ಹೋಗುವ ಬಣ್ಣಗಳೂ ಇವೆ. ಯಾವುದೇ ಆಗಲಿ, ಕೊಳ್ಳುವ ಮೊದಲು ಅದರ ಹಿಂದಿನ ಪಟ್ಟಿಯ ಫೋಟೋ ತೆಗೆದು ನಿಮ್ಮ ವೈದ್ಯರಿಗೆ ತೋರಿಸಿ, ಅವರು ಸರಿ ಅಂದ ಮೇಲೆ ಹಚ್ಚಿ. ಟೆಸ್ಟಿನ ಚೀಟಿಯ ಒಂದು ಪ್ರತಿ ಪರ್ಸಿನಲ್ಲೇ ಇರಲಿ.

ಮೊದಲು ಕೇಳಿದವರು: ಹಾಗೇ ಬಿಟ್ಟರೆ?

ಉತ್ತರ: ಹಾಗೇ ಬಿಡಿ. ಅದಕ್ಕೆ ಯಾವ ಟೆಸ್ಟೂ ಬೇಡ. ಬಣ್ಣದ ಗೆರೆ ಎದ್ದು ಕಾಣುತ್ತೆ ಅಂತ ಬೇಜಾರಾದರೆ ಕೂದಲು ಸ್ವಲ್ಪ ಗಿಡ್ಡ ಮಾಡಿಸಿಕೊಳ್ಳಿ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆ ಲೆಕ್ಕದಲ್ಲಿ ಎಷ್ಟು ತಿಂಗಳು ಅಂತ ನೀವೇ ಅಳೆದು ನೋಡಬಹುದು.